ದರ್ಶಿನಿಯ ತಿಂಡಿ ಚೆನ್ನಾಗಿದೆಯೋ ಇಲ್ಲವೋ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು, ಮೈಸೂರು ಕಡೆಯ ದರ್ಶಿನಿಗಳು, ಉಡುಪಿ ಹೋಟೆಲುಗಳು, ಹಳೆಯ ಟಿಫಿನ್ ರೂಮುಗಳು. ಅಲ್ಲಿ ದಿನಾ ಸಿಗುವ ಇಡ್ಲಿ, ವಡೆ, ದೋಸೆ, ಭಾತು, ಕಾಫಿ. ಈ ಪುಟದಲ್ಲಿರುವುದು ಇವುಗಳ ಮಾತು ಮಾತ್ರ. ತಿಂಡಿ ಕೆಟ್ಟಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಆ ಕಾರಣ ಹಿಡಿದರೆ ಅದು ಆ ಹೊತ್ತಿನ ಎಡವಟ್ಟೋ ಅಥವಾ ಆ ಅಡುಗೆಮನೆಯ ಅಭ್ಯಾಸವೋ ಎನ್ನುವುದು ಗೊತ್ತಾಗುತ್ತದೆ. ಹೋಟೆಲನ್ನು ತೂಗಬೇಕಾದ್ದು ಅಭ್ಯಾಸದಿಂದ.

ಹೊಸ ಹೋಟೆಲಿಗೆ ಮೊದಲ ಸಲ ಹೋದಾಗ ಏನು ತೆಗೆದುಕೊಳ್ಳಬೇಕು?

ಒಂದು ಪ್ಲೇಟ್ ಇಡ್ಲಿ ವಡೆ, ಒಂದು ಕಾಫಿ. ಜೊತೆಗೆ ಯಾರಾದರೂ ಇದ್ದರೆ ಒಂದು ಮಸಾಲೆ ದೋಸೆ. ಇಡ್ಲಿಯಲ್ಲಿ ಅಕ್ಕಿ, ಉದ್ದು, ಉಪ್ಪು, ನೀರು ಬಿಟ್ಟರೆ ಬೇರೇನಿಲ್ಲ. ಹಿಟ್ಟು ಕೆಟ್ಟರೆ ಮಸಾಲೆ ಹಾಕಿ ಮುಚ್ಚುವ ದಾರಿಯೂ ಇಲ್ಲ. ವಡೆ ಎಣ್ಣೆಯ ಸ್ಥಿತಿ ಹೇಳುತ್ತದೆ, ಚಟ್ನಿ ತೆಂಗಿನಕಾಯಿಯ ಖರ್ಚಿನಲ್ಲಿ ಎಷ್ಟು ಉಳಿಸುತ್ತಿದ್ದಾರೆ ಎಂದು ಹೇಳುತ್ತದೆ. ಪನೀರ್ ದೋಸೆ, ಗೋಬಿ, ಚಾಟ್ಸ್ ಎರಡನೆಯ ಭೇಟಿಗೆ ಇರಲಿ.

ಇಡ್ಲಿಯ ಮೊದಲ ತುತ್ತನ್ನು ಬರಿದೇ ತಿನ್ನಿ. ಬಹಳ ಜನ ನೇರ ಸಾಂಬಾರಿಗೆ ಅದ್ದುತ್ತಾರೆ, ಆಮೇಲೆ ಇಡ್ಲಿಯದು ಯಾವುದು, ಸಾಂಬಾರಿನದು ಯಾವುದು ಎಂದು ಬಿಡಿಸಲು ಬರುವುದಿಲ್ಲ.

ತಿನ್ನುವ ಮೊದಲೇ ಏನಾದರೂ ಗೊತ್ತಾಗುತ್ತದೆಯೇ?

ಬಹಳಷ್ಟು ಗೊತ್ತಾಗುತ್ತದೆ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ಶುರು ಮಾಡಿದ ಮೇಲೆ ಟೋಕನ್ ತೆಗೆದುಕೊಂಡು ನಿಂತು ತಿನ್ನುವ ಪದ್ಧತಿ ಊರೆಲ್ಲ ಹಬ್ಬಿತು. ಆ ಮಾದರಿಯ ಒಳ್ಳೆಯ ಗುಣವೆಂದರೆ ಅಡುಗೆಮನೆ ಕಣ್ಣೆದುರೇ ಇರುತ್ತದೆ. ಟೋಕನ್ ಕೊಡುವ ಮೊದಲು ಎರಡು ನಿಮಿಷ ನಿಂತು ನೋಡಿ.

ಇಡ್ಲಿ ತಟ್ಟೆ ಸ್ಟ್ಯಾಂಡಿನಿಂದ ನೇರ ನಿಮ್ಮ ಪ್ಲೇಟಿಗೆ ಬರುತ್ತಿದೆಯೋ, ಮುಚ್ಚಿದ ಡಬ್ಬದಿಂದ ಬರುತ್ತಿದೆಯೋ? ಇಡ್ಲಿ ಬೇಯಿಸಲು ಬಟ್ಟೆ ಹಾಸಿದ್ದಾರೋ, ಪ್ಲಾಸ್ಟಿಕ್ ಹಾಳೆಯೋ? ಪ್ಲಾಸ್ಟಿಕ್ ಹಾಳೆ ಕಂಡರೆ ಅಲ್ಲಿಂದಲೇ ಹೊರಡಿ. ಕರ್ನಾಟಕ ಸರ್ಕಾರ 2025ರಲ್ಲಿ ಇದಕ್ಕೆ ನಿಷೇಧ ಹೇರಿದೆ, ಬಿಸಿ ಹಬೆಗೆ ಪ್ಲಾಸ್ಟಿಕ್ ಒಡ್ಡುವುದು ಆರೋಗ್ಯಕ್ಕೆ ಕೆಟ್ಟದ್ದು ಎಂಬ ಕಾರಣಕ್ಕೆ. ವಡೆ ಬಾಣಲೆಯಿಂದ ಜಾಲರಿಗೆ ಬಂದು ಎಣ್ಣೆ ಸೋರಿಸಿಕೊಳ್ಳುತ್ತಿದೆಯೇ? ಚಮಚ ಮುಳುಗಿಸಿಟ್ಟ ನೀರು ಬಿಸಿಯಾಗಿ, ತಿಳಿಯಾಗಿ ಇದೆಯೇ? ಟೇಬಲ್ ಒರೆಸುವ ಬಟ್ಟೆಯಿಂದಲೇ ತಟ್ಟೆಯನ್ನೂ ಒರೆಸುತ್ತಿದ್ದಾರೆಯೇ? ಈ ಕೊನೆಯದನ್ನು ನೋಡಿದ ಮೇಲೆ ರುಚಿಯ ಮಾತು ಆಡಬೇಕಾಗಿಲ್ಲ.

ಒಳ್ಳೆಯ ಇಡ್ಲಿ ಹೇಗಿರಬೇಕು? ಎಲ್ಲೆಲ್ಲಿ ತಪ್ಪುತ್ತದೆ?

ಬೆರಳಿನಿಂದ ಮೆಲ್ಲಗೆ ಒತ್ತಿ. ತಗ್ಗಿ ಮತ್ತೆ ಮೇಲೇಳಬೇಕು. ಮುರಿದರೆ ಒಳಗೆ ಸಣ್ಣ ಸಣ್ಣ ತೂತುಗಳು ಒಂದೇ ಸಮನಾಗಿ ಕಾಣಬೇಕು. ಬಾಯಲ್ಲಿ ರವೆಯ ತರಿ ಸಿಗಬೇಕು, ಆದರೆ ಹಲ್ಲಿಗೆ ಅಂಟಬಾರದು. ವಾಸನೆಯಲ್ಲಿ ತಿಳಿಯಾದ ಹುಳಿ ಇರಬೇಕು.

ಗಟ್ಟಿಯಾಗಿದ್ದರೆ ಹೆಚ್ಚಾಗಿ ಉದ್ದು ಕಡಿಮೆಯಾಗಿದೆ ಅಥವಾ ಹಿಟ್ಟು ಹುದುಗಿಲ್ಲ. ಇಡ್ಲಿ ರವೆ ಬಳಸುವವರು ಸಾಮಾನ್ಯವಾಗಿ ಒಂದು ಅಳತೆ ಉದ್ದಿನಬೇಳೆಗೆ ಎರಡರಿಂದ ಮೂರು ಅಳತೆ ರವೆ ಹಾಕುತ್ತಾರೆ. ಉದ್ದಿನ ಬೆಲೆ ಏರಿದಾಗ ಈ ಅಳತೆ ನಾಲ್ಕಕ್ಕೆ ಹೋಗುತ್ತದೆ, ಇಡ್ಲಿ ಭಾರವಾಗುತ್ತದೆ. ಇದು ಅಭ್ಯಾಸದ ತಪ್ಪು. ಡಿಸೆಂಬರ್, ಜನವರಿಯ ಚಳಿಯಲ್ಲಿ ಹಿಟ್ಟು ಉಬ್ಬಲು ಎಂಟು ಗಂಟೆ ಸಾಲದೆ ಹನ್ನೆರಡು, ಹದಿನಾಲ್ಕು ಗಂಟೆ ಬೇಕಾಗುತ್ತದೆ. ಆಗ ಒಂದು ದಿನ ಇಡ್ಲಿ ಚಪ್ಪಟೆಯಾಗಿ ಬಂದರೆ ಅದು ಹವೆಯ ತಪ್ಪು, ಕ್ಷಮಿಸಬಹುದು.

ಅಂಟಂಟಾಗಿದ್ದರೆ ಹಿಟ್ಟಿಗೆ ನೀರು ಹೆಚ್ಚಾಗಿದೆ, ಅಥವಾ ಬೆಂದ ಮೇಲೂ ಹಬೆಯಲ್ಲೇ ಬಿಟ್ಟಿದ್ದಾರೆ. ಸಾಧಾರಣ ಗಾತ್ರದ ಇಡ್ಲಿಗೆ ಹತ್ತರಿಂದ ಹನ್ನೆರಡು ನಿಮಿಷದ ಹಬೆ ಸಾಕು. ಬೆಂದದ್ದನ್ನು ಅರ್ಧ ಗಂಟೆ ಬಿಸಿ ಡಬ್ಬದಲ್ಲಿಟ್ಟರೆ ಮುಚ್ಚಳದ ನೀರು ತೊಟ್ಟಿಕ್ಕಿ ಮೇಲ್ಮೈ ಲೋಳೆಯಾಗುತ್ತದೆ. ಹಿಟ್ಟು ಸರಿಯಾಗಿದ್ದೂ ಇಡ್ಲಿ ಕೆಡುವುದು ಹೀಗೆ.

ಅಡುಗೆ ಸೋಡಾ ಹೆಚ್ಚಾದದ್ದನ್ನು ಗುರುತಿಸುವುದು ಸುಲಭ: ಬಿಳಿಗೆ ಬದಲು ತುಸು ಹಳದಿ ಛಾಯೆ, ಒಳಗೆ ಸಣ್ಣದೂ ದೊಡ್ಡದೂ ಬೆರೆತ ತೂತು, ನಾಲಿಗೆಯ ಮೇಲೆ ಸೋಪಿನಂಥ ಚೊಗರು. ಹುದುಗಿಸುವ ಸಮಯ ಉಳಿಸಿದವರು ಸೋಡಾದಿಂದ ಉಬ್ಬಿಸುತ್ತಾರೆ. ಹುಳಿ ಬಂದ ಹಿಟ್ಟಿನ ವಾಸನೆ ಇಲ್ಲದೆ ಇಡ್ಲಿ ಮಾತ್ರ ಉಬ್ಬಿದ್ದರೆ ಅನುಮಾನಿಸಿ.

ತಟ್ಟೆ ಇಡ್ಲಿಗೂ ಇದೇ ಅಳತೆಯೇ?

ಅಲ್ಲ. ಬಿಡದಿ, ಕ್ಯಾತ್ಸಂದ್ರ ಕಡೆಯ ತಟ್ಟೆ ಇಡ್ಲಿ ಚಪ್ಪಟೆ, ಅಗಲ, ಇನ್ನೂ ಮೆತ್ತಗೆ. ಆ ಮೃದುತ್ವಕ್ಕಾಗಿ ಅವಲಕ್ಕಿಯನ್ನೋ ಸಬ್ಬಕ್ಕಿಯನ್ನೋ ಸೇರಿಸಿ ರುಬ್ಬುವವರಿದ್ದಾರೆ. ಅದು ಮೋಸವಲ್ಲ, ಆ ಬಗೆಯೇ ಹಾಗೆ. ನಡುಭಾಗ ಬೆಂದಿದೆಯೇ ಎಂದು ಮಾತ್ರ ನೋಡಿ. ಅಗಲ ಹೆಚ್ಚಿರುವುದರಿಂದ ಅಂಚು ಬೆಂದು ಮಧ್ಯ ಹಸಿಯಾಗಿ ಉಳಿಯುವುದೇ ಇದರ ಸಾಮಾನ್ಯ ತಪ್ಪು.

ರವೆ ಇಡ್ಲಿ ತಣ್ಣಗಾದರೆ ಯಾಕೆ ಕಲ್ಲಾಗುತ್ತದೆ?

ಅದರಲ್ಲಿ ಗೋಧಿ ರವೆ ಇದೆ, ಉದ್ದಿನ ಹಿಟ್ಟಿನ ಆಸರೆ ಇಲ್ಲ. ಉಬ್ಬುವುದು ಮೊಸರು ಮತ್ತು ಸೋಡಾದಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಎಂಟಿಆರ್‌ನವರು ರವೆಯಲ್ಲಿ ಮಾಡಿ ನೋಡಿದ್ದು ಇದು. ಆದ್ದರಿಂದ ರವೆ ಇಡ್ಲಿಯಲ್ಲಿ ಹುದುಗಿದ ಹುಳಿ ಹುಡುಕಬೇಡಿ. ತುಪ್ಪ, ಒಗ್ಗರಣೆಯ ಗೋಡಂಬಿ, ಕರಿಬೇವು ಮೂಗಿಗೆ ಬರಬೇಕು, ಮುರಿದರೆ ಪುಡಿಪುಡಿಯಾಗದೆ ತುಂಡಾಗಬೇಕು. ಬಂದ ಹತ್ತು ನಿಮಿಷದಲ್ಲಿ ತಿಂದು ಮುಗಿಸಿ. ಪಾರ್ಸೆಲ್‌ಗೆ ಇದು ಸಲ್ಲದು.

ವಡೆ ಎಣ್ಣೆ ಕುಡಿದಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಎರಡು ತುಂಡು ಮಾಡಿ, ಮುರಿದ ಕಡೆಯನ್ನು ಕಾಗದದ ಮೇಲೆ ಒತ್ತಿ. ಹೊರಮೈಯಿಂದ ಒಂದಿಷ್ಟು ಎಣ್ಣೆ ಬರುವುದು ಸಹಜ. ಒಳಗಿನ ಬಿಳಿ ಭಾಗವೇ ಕಾಗದವನ್ನು ಪಾರದರ್ಶಕ ಮಾಡಿದರೆ ವಡೆ ಎಣ್ಣೆ ಕುಡಿದಿದೆ.

ಅದಕ್ಕೆ ಮೂರು ಕಾರಣ ಇರಬಹುದು. ಉದ್ದಿನಬೇಳೆಯನ್ನು ಬಹಳ ಹೊತ್ತು ನೆನೆಸಿದ್ದು ಒಂದು. ವಡೆಗೆ ಒಂದೂವರೆಯಿಂದ ಎರಡು ಗಂಟೆ ಸಾಕು, ರಾತ್ರಿಯಿಡೀ ನೆನೆದ ಬೇಳೆ ನೀರು ತುಂಬಿಕೊಂಡು ಕರಿಯುವಾಗ ಎಣ್ಣೆ ಎಳೆಯುತ್ತದೆ. ರುಬ್ಬುವಾಗ ನೀರು ಹೆಚ್ಚಾಗಿದ್ದು ಇನ್ನೊಂದು. ಮೂರನೆಯದು ಎಣ್ಣೆ ಕಾಯದೆ ಬಿಟ್ಟದ್ದು. ಸುಮಾರು 170ರಿಂದ 180 ಡಿಗ್ರಿ ಬಿಸಿ ಬೇಕು. ಒಂದೇ ಸಲ ಮೂವತ್ತು ವಡೆ ತುಂಬಿದರೆ ಬಾಣಲೆ ತಣ್ಣಗಾಗುತ್ತದೆ, ಹಿಂದೆ ಸಾಲು ದೊಡ್ಡದಿರುವಾಗ ಆಗುವ ಎಡವಟ್ಟು ಇದೇ. ಎಣ್ಣೆ ಅತಿಯಾಗಿ ಕಾದಿದ್ದರೆ ಮಾತ್ರ ಇದರ ತಿರುಗುಮುರುಗು: ಹೊರಗೆ ಕಂದು, ಒಳಗೆ ಹಸಿ ಹಿಟ್ಟು.

ಹಿಟ್ಟನ್ನು ಕೈಯಲ್ಲಿ ಚೆನ್ನಾಗಿ ಬಡಿದು ಗಾಳಿ ತುಂಬಿದ್ದರೆ ವಡೆ ಹಗುರ. ಬಡಿಯುವ ಶ್ರಮ ಬೇಡವೆಂದು ಅಕ್ಕಿಹಿಟ್ಟು ಸೇರಿಸಿದರೆ ಗರಿಗರಿ ಬರುತ್ತದೆ, ಆದರೆ ಹತ್ತು ನಿಮಿಷದಲ್ಲಿ ಬಿರುಸಾಗುತ್ತದೆ. ಕಾಳುಮೆಣಸು, ಶುಂಠಿ, ಕೊಬ್ಬರಿ ಚೂರು ಹಲ್ಲಿಗೆ ಸಿಕ್ಕರೆ ಸಂತೋಷ.

ಎಣ್ಣೆ ಹಳೆಯದು ಅನ್ನುವುದಕ್ಕೆ ಗುರುತೇನು?

ಬಾಣಲೆಯಲ್ಲಿ ನೊರೆ ಇಳಿಯದೆ ನಿಲ್ಲುವುದು, ಕಡುಕಂದು ಬಣ್ಣ, ಬೇಗನೆ ಹೊಗೆ ಏಳುವುದು, ತಿಂದ ಮೇಲೆ ತುಟಿಗೆ ಅಂಟು, ಗಂಟಲಲ್ಲಿ ಕೆರೆತ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದಂತೆ ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು (ಎಣ್ಣೆ ಮತ್ತೆ ಮತ್ತೆ ಕಾದು ಒಡೆದಾಗ ಹುಟ್ಟುವ ವಸ್ತುಗಳು) ಶೇ. 25 ದಾಟಿದರೆ ಅದನ್ನು ಮತ್ತೆ ಬಳಸುವಂತಿಲ್ಲ. ನಾವು ಅಳತೆಯ ಯಂತ್ರ ಹಿಡಿದು ಹೋಗುವುದಿಲ್ಲ, ಆದರೆ ಗಂಟಲು ಸುಳ್ಳು ಹೇಳುವುದಿಲ್ಲ. ಅಂಥ ಕಡೆ ಕರಿದದ್ದೇನನ್ನೂ ತಿನ್ನಬೇಡಿ, ಬೋಂಡ, ಪೂರಿ ಸಹ.

ಮಸಾಲೆ ದೋಸೆಯಲ್ಲಿ ಯಾವುದು ಸರಿ? ಗರಿಗರಿಯೋ, ಮೆತ್ತಗೋ?

ಇದಕ್ಕೆ ಒಂದೇ ಉತ್ತರ ಹುಡುಕಿದವರು ಅರ್ಧ ದೋಸೆಗಳನ್ನು ಅನ್ಯಾಯವಾಗಿ ತೂಗುತ್ತಾರೆ. 1943ರಿಂದ ಗಾಂಧಿ ಬಜಾರಿನಲ್ಲಿರುವ ವಿದ್ಯಾರ್ಥಿ ಭವನದ ದೋಸೆ ದಪ್ಪ, ಹೊರಗೆ ಕೆಂಪಗೆ ಗರಿಯಾಗಿ ಒಳಗೆ ಮೆತ್ತಗೆ. ಮೈಸೂರಿನ ನಜರ್‌ಬಾದಿನ ಮೈಲಾರಿ ದೋಸೆ ಗರಿಯಾಗುವುದೇ ಇಲ್ಲ, ಬೆಣ್ಣೆ ಮತ್ತು ಸಾಗು ಜೊತೆ ಬಾಯಲ್ಲಿ ಕರಗುತ್ತದೆ. ದಾವಣಗೆರೆಯ ಬೆಣ್ಣೆ ದೋಸೆಯ ಹಿಟ್ಟಿಗೆ ಮಂಡಕ್ಕಿ ಬೀಳುತ್ತದೆ, ಜೊತೆಗೆ ಅರಿಶಿನವಿಲ್ಲದ ಬಿಳಿ ಆಲೂಗಡ್ಡೆ ಪಲ್ಯ, ಕೆಂಪು ಚಟ್ನಿ ಸವರುವುದಿಲ್ಲ. ಮೈಲಾರಿಗೆ ಹೋಗಿ ಗರಿ ಇಲ್ಲ ಎಂದೂ, ದಾವಣಗೆರೆಯಲ್ಲಿ ಕೆಂಪು ಚಟ್ನಿ ಇಲ್ಲ ಎಂದೂ ಅಂಕ ಕಳೆಯುವುದು ತಪ್ಪು.

ಬಗೆ ಯಾವುದೇ ಇರಲಿ, ನೋಡಬೇಕಾದ್ದು ಬೇರೆ ಇದೆ. ಬೆಂಗಳೂರಿನ ಸಾಮಾನ್ಯ ಮಸಾಲೆ ದೋಸೆಯನ್ನೇ ತೆಗೆದುಕೊಳ್ಳೋಣ. ತಳದ ಬಣ್ಣ ಅಂಚಿನಿಂದ ನಡುವಿನವರೆಗೆ ಹೆಚ್ಚೂಕಡಿಮೆ ಒಂದೇ ಆಗಿರಬೇಕು. ನಡುವೆ ಕರಿ, ಅಂಚು ಬಿಳಿ ಇದ್ದರೆ ಕಾವಲಿಯ ಕೆಳಗಿನ ಉರಿ ಹಂಚಿಕೆಯಾಗಿಲ್ಲ. ಇಡೀ ದೋಸೆ ಬೆಳ್ಳಗಿದ್ದರೆ ಕಾವಲಿ ತಣ್ಣಗಿತ್ತು ಅಥವಾ ಹಿಟ್ಟು ಹುದುಗಿರಲಿಲ್ಲ. ಹುದುಗಿದಾಗ ಪಿಷ್ಟ ಒಡೆದು ಸಕ್ಕರೆಯಾಗುತ್ತದೆ, ಕಾವಲಿಯ ಮೇಲೆ ಕೆಂಪಾಗುವುದರಲ್ಲಿ ಅದರ ಪಾಲಿದೆ. ಅದಕ್ಕೇ ಹೋಟೆಲುಗಳಲ್ಲಿ ಮೆಂತ್ಯ, ಕಡಲೆಬೇಳೆ, ಒಂದು ಚಿಟಿಕೆ ಸಕ್ಕರೆ ಹಾಕುವುದುಂಟು.

ಹಿಂದಿನ ದಿನ ಉಳಿದ ಹಿಟ್ಟು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ಗೊತ್ತಾಗುತ್ತದೆ: ಹುಳಿ ಚುಚ್ಚುತ್ತದೆ, ದೋಸೆ ಹರಿಯುತ್ತದೆ. ಬಾಣಸಿಗ ಪ್ರತಿ ಸಾಲಿನ ನಡುವೆ ನೀರು ಚಿಮುಕಿಸಿ ಪೊರಕೆಯಿಂದ ಗುಡಿಸುವುದು ಶೋಕಿಗಲ್ಲ. ಕಾವಲಿ ಅತಿ ಬಿಸಿಯಿದ್ದರೆ ಸೌಟು ತಿರುಗಿಸುವ ಮೊದಲೇ ಹಿಟ್ಟು ಕಚ್ಚಿ ಗಂಟಾಗುತ್ತದೆ. ನೀರು ಕಾವನ್ನು ಇಳಿಸುತ್ತದೆ, ಪೊರಕೆ ಹಿಂದಿನ ದೋಸೆಯ ಕರಕಲನ್ನು ಒಯ್ಯುತ್ತದೆ. ಈ ಕೆಲಸ ಬಿಟ್ಟರೆ ನಿಮ್ಮ ದೋಸೆಯ ತಳದಲ್ಲಿ ಕಪ್ಪು ಚುಕ್ಕೆಗಳು, ಕಹಿ.

ಕೆಂಪು ಚಟ್ನಿಯನ್ನು ತೆಳ್ಳಗೆ, ಎಲ್ಲ ಕಡೆ ಸವರಿರಬೇಕು. ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿಗಡಲೆ ಇದರ ಜೀವಾಳ. ಬೆಳ್ಳುಳ್ಳಿಯ ಹಸಿ ಘಾಟು ಬಂದರೆ ಚಟ್ನಿ ಬಿಸಿ ದೋಸೆಯ ಮೇಲೆ ಸಾಕಷ್ಟು ಹೊತ್ತು ಕೂತಿಲ್ಲ, ಬೇಗ ಮಡಿಚಿದ್ದಾರೆ. ಪಲ್ಯ ಬಿಸಿಯಾಗಿರಬೇಕು. ಹೊರಗೆ ಸುಡುವ ದೋಸೆ, ಒಳಗೆ ತಣ್ಣನೆಯ ಪಲ್ಯ: ನಮ್ಮ ದರ್ಶಿನಿಗಳಲ್ಲಿ ಅತಿ ಹೆಚ್ಚು ಕಾಣುವ, ಅತಿ ಸುಲಭವಾಗಿ ಸರಿಪಡಿಸಬಹುದಾದ ತಪ್ಪು ಇದು. ಪಲ್ಯದ ಪಾತ್ರೆಯನ್ನು ಕಾವಲಿಯ ಮೂಲೆಯ ಮೇಲಿಟ್ಟರೆ ಮುಗಿಯಿತು.

ಬೆಣ್ಣೆ ನಿಜವಾದದ್ದೇ?

ದೋಸೆ ತಣ್ಣಗಾಗುವಾಗ ನೋಡಿ. ಬೆಣ್ಣೆಯಾದರೆ ಬಾಯಲ್ಲಿ ಕರಗಿ ಹೋಗುತ್ತದೆ. ವನಸ್ಪತಿಯಂಥ ಕೊಬ್ಬು ಬೆರೆತಿದ್ದರೆ ಅಂಗುಳಿಗೆ ಮೇಣದ ಪದರದಂತೆ ಅಂಟಿಕೊಂಡು ಬಿಸಿ ಕಾಫಿಗೇ ಬಿಡುತ್ತದೆ.

ಚಟ್ನಿ, ಸಾಂಬಾರಿನಿಂದ ಹೋಟೆಲನ್ನು ಅಳೆಯಬಹುದೇ?

ಚಟ್ನಿಯಿಂದ ಖಂಡಿತ. ತೆಂಗಿನಕಾಯಿ ದುಬಾರಿಯಾದಾಗ ಹುರಿಗಡಲೆ ಹೆಚ್ಚುತ್ತದೆ, ಆಮೇಲೆ ನೀರು ಹೆಚ್ಚುತ್ತದೆ. ತಟ್ಟೆಯಲ್ಲಿ ಚಟ್ನಿಯ ಸುತ್ತ ನೀರು ಬಿಟ್ಟುಕೊಂಡರೆ ತೆಳು ಮಾಡಿದ್ದಾರೆ. ನಾಲಿಗೆಗೆ ಹಿಟ್ಟು ಹಿಟ್ಟಾಗಿ ಹತ್ತಿದರೆ ಹುರಿಗಡಲೆ ಅತಿಯಾಗಿದೆ. ಬೇಸಿಗೆಯಲ್ಲಿ ಬೆಳಗಿನ ಚಟ್ನಿ ಮಧ್ಯಾಹ್ನದ ಹೊತ್ತಿಗೆ ಹುಳಿಯಾಗುತ್ತದೆ, ಒಳ್ಳೆಯ ಅಡುಗೆಮನೆ ಕೊಂಚ ಕೊಂಚವೇ ಹಲವು ಸಲ ರುಬ್ಬುತ್ತದೆ. ಹುಳಿ ಚಟ್ನಿಯನ್ನು ತಿನ್ನದೆ ವಾಪಸ್ ಕೊಡಿ, ಅದರಲ್ಲಿ ಸಂಕೋಚ ಬೇಡ.

ಸಾಂಬಾರಿನ ವಿಷಯದಲ್ಲಿ ಊರಿನ ರುಚಿ ಅಡ್ಡ ಬರುತ್ತದೆ. ಬೆಂಗಳೂರಿನ ಹೋಟೆಲ್ ಸಾಂಬಾರಿಗೆ ಬೆಲ್ಲ ಬೀಳುತ್ತದೆ, ಚೆನ್ನೈಯಿಂದ ಬಂದವರಿಗೆ ಅದು ಪಾಯಸದ ಹತ್ತಿರ ಅನ್ನಿಸಬಹುದು. ಸಿಹಿ ತಪ್ಪಲ್ಲ. ಬೇಳೆ ತಳಕ್ಕಿಳಿದು ಮೇಲೆ ನೀರು ನಿಲ್ಲುವುದು, ಪುಡಿಯ ಹಸಿ ವಾಸನೆ, ಹುಣಸೆ ಕುದಿಯದೆ ಹಲ್ಲು ಚುಳ್ ಅನ್ನುವುದು ತಪ್ಪು. 1965ರಿಂದ ಶಂಕರಪುರದಲ್ಲಿರುವ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಸಾಂಬಾರೇ ಇಲ್ಲ, ಇಡ್ಲಿ ವಡೆಗೆ ಚಟ್ನಿ ಮಾತ್ರ. ಅಷ್ಟರಲ್ಲೇ ಜನ ಸಾಲು ನಿಲ್ಲುತ್ತಾರೆ.

ಖಾರಾ ಭಾತ್, ಕೇಸರಿ ಭಾತ್?

ಎರಡೂ ಬೇಕಿದ್ದರೆ ಚೌ ಚೌ ಭಾತ್ ಕೇಳಿ. ಖಾರಾ ಭಾತಿನ ರವೆ ಹುರಿದಿದ್ದರೆ ಕಾಳು ಕಾಳಾಗಿ ಬಿಡಿಸಿಕೊಳ್ಳುತ್ತದೆ, ಹುರಿಯದಿದ್ದರೆ ಗೋಂದು. ಒಂದು ಅಳತೆ ರವೆಗೆ ಎರಡೂವರೆಯಿಂದ ಮೂರು ಅಳತೆ ನೀರು ಬೇಕು, ಮಾಡಿ ಒಂದು ಗಂಟೆ ಕಳೆದರೆ ರವೆ ನೀರೆಲ್ಲ ಹೀರಿ ಬಟ್ಟಲಿನ ಆಕಾರದಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ತಟ್ಟೆಗೆ ಬಿದ್ದ ಭಾತು ಮೆಲ್ಲಗೆ ಕುಸಿದರೆ ತಾಜಾ.

ಕೇಸರಿ ಭಾತಿನಲ್ಲಿ ನಿಜವಾದ ಕೇಸರಿಯ ಬಣ್ಣ ತಿಳಿ ಹಳದಿ. ಕಿತ್ತಳೆ ಬಣ್ಣ ಬೆರಳಿಗೆ, ತಟ್ಟೆಗೆ ಹತ್ತಿದರೆ ಬಣ್ಣದ ಪುಡಿಯೇ ಹೆಚ್ಚು. ಬಣ್ಣದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು: ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ. ಅದಾದ ಮೇಲೂ ರಕ್ತಗೆಂಪು ಗೋಬಿ ಕಂಡರೆ ಮುಟ್ಟಬೇಡಿ.

ಬಿಸಿಬೇಳೆ ಭಾತು ಒಂದೊಂದು ಕಡೆ ಒಂದೊಂದು ಥರ ಇರುತ್ತದಲ್ಲ?

ಹೌದು, ಆದರೆ ಮೂರು ಮಾತು ಎಲ್ಲ ಕಡೆಗೂ ಸಲ್ಲುತ್ತದೆ. ಅನ್ನಕ್ಕೆ ಸಾಂಬಾರ್ ಕಲಸಿದ್ದು ಬಿಸಿಬೇಳೆ ಭಾತಲ್ಲ; ಅಕ್ಕಿ, ತೊಗರಿಬೇಳೆ ಎರಡೂ ಮೆತ್ತಗೆ ಬೆಂದು ಹುಣಸೆರಸ, ಪುಡಿಯೊಂದಿಗೆ ಒಟ್ಟಿಗೆ ಕುದಿದಿರಬೇಕು. ಪುಡಿಯಲ್ಲಿ ಚಕ್ಕೆ, ಲವಂಗ, ಮರಾಠಿ ಮೊಗ್ಗಿನ ಪರಿಮಳ ಇರಬೇಕು. ತಟ್ಟೆಯಲ್ಲಿ ನಿಧಾನವಾಗಿ ಹರಡಿಕೊಳ್ಳುವಷ್ಟು ತೆಳು ಇರಬೇಕು. ಗಟ್ಟಿಯಾದದ್ದಕ್ಕೆ ಮೇಲೆ ತಣ್ಣೀರು ಬೆರೆಸಿ ಕೊಡುವ ಕಡೆ ರುಚಿ ಸಪ್ಪೆಯಾಗುತ್ತದೆ, ಬಿಸಿನೀರು ಹಾಕಿ ಕುದಿಸಿದರೆ ಸರಿಹೋಗುತ್ತದೆ.

ಕಾಫಿಯಲ್ಲಿ ಏನು ನೋಡಬೇಕು?

ಬಣ್ಣ ಮೊದಲು. ಡಿಕಾಕ್ಷನ್ ಹಾಲಿಗೆ ಬಿದ್ದಾಗ ಕೆಂಗಂದು ಬರಬೇಕು. ಬೂದು ಛಾಯೆ ಬಂದರೆ ಡಿಕಾಕ್ಷನ್ ತೆಳುವಾಗಿದೆ ಅಥವಾ ಹಳೆಯದು. ಡಿಕಾಕ್ಷನ್ ಅನ್ನು ಒಲೆಯ ಮೇಲಿಟ್ಟು ಮತ್ತೆ ಮತ್ತೆ ಕುದಿಸಿದರೆ ಪರಿಮಳ ಹಾರಿ ಕಹಿ ಮಾತ್ರ ಉಳಿಯುತ್ತದೆ. ಬೆಳಗಿನ ಮೊದಲ ಡಿಕಾಕ್ಷನ್ ರುಚಿಯೇ ಬೇರೆ ಎನ್ನುವುದು ಈ ಕಾರಣಕ್ಕೆ.

ಚಿಕೋರಿ ಇದ್ದರೆ ಕೆಟ್ಟ ಕಾಫಿ ಎಂಬುದು ಸರಿಯಲ್ಲ. ಹೋಟೆಲ್ ಕಾಫಿಯ ಗಟ್ಟಿತನ, ಬಣ್ಣ ಅರ್ಧ ಅದರದ್ದೇ. ಮಿಶ್ರಣದ ಪುಡಿಯಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ ಎಂಬುದು ನಿಯಮ. ಶೇ. 20ರಿಂದ 30 ಚಿಕೋರಿ ನಾಲಿಗೆಗೆ ಹಿತ. ಅದು ಮಿತಿ ಮೀರಿದರೆ ಸುಟ್ಟ ಬೆಲ್ಲದ ರುಚಿ ಬರುತ್ತದೆ, ಕುಡಿದ ಮೇಲೆ ಕಾಫಿಯ ಘಮ ಬಾಯಲ್ಲಿ ನಿಲ್ಲುವುದಿಲ್ಲ.

ಸಕ್ಕರೆ ಮೊದಲೇ ಹಾಕುವ ಕಡೆ ಟೋಕನ್ ಕೊಡುವಾಗಲೇ "ಸಕ್ಕರೆ ಬೇರೆ ಕೊಡಿ" ಅಥವಾ "ಸ್ಟ್ರಾಂಗ್, ಸಕ್ಕರೆ ಕಮ್ಮಿ" ಎಂದುಬಿಡಿ. ಲೋಟಕ್ಕೆ ಬಿದ್ದ ಮೇಲೆ ಹೇಳಿದರೆ ಮಾಡುವವರಿಗೂ ಕಷ್ಟ. ರುಚಿ ನೋಡಲಷ್ಟೇ ಆದರೆ ಬೈಟು, ಅಂದರೆ ಒಂದು ಕಾಫಿಯನ್ನು ಇಬ್ಬರಿಗೆ ಹಂಚಿದ್ದು, ಸಾಕು.

ಯಾವ ಹೊತ್ತಿಗೆ ಹೋದರೆ ಒಳ್ಳೆಯದು?

ಇಡ್ಲಿ, ವಡೆ, ಖಾರಾ ಭಾತಿಗೆ ಬೆಳಗ್ಗೆ ಏಳರಿಂದ ಒಂಬತ್ತೂವರೆ. ದೋಸೆಗೆ ಎಂಟರ ಮೇಲೆ, ಕಾವಲಿ ಹದಕ್ಕೆ ಬಂದಿರುತ್ತದೆ. ಹನ್ನೊಂದರ ನಂತರದ ಇಡ್ಲಿಯಿಂದ ಹೋಟೆಲನ್ನು ಅಳೆಯಬೇಡಿ, ಅದು ಬೆಳಗಿನ ಉಳಿಕೆ ಇರಬಹುದು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹಲವು ಕಡೆ ದೋಸೆ ನಿಲ್ಲಿಸುತ್ತಾರೆ, ಸಂಜೆ ನಾಲ್ಕಕ್ಕೆ ಮತ್ತೆ ಶುರು. ಹಳೆಯ ಹೋಟೆಲುಗಳಿಗೆ ವಾರದ ರಜೆ ಇರುತ್ತದೆ: ಲಾಲ್‌ಬಾಗ್ ರಸ್ತೆಯ ಎಂಟಿಆರ್ ಸೋಮವಾರ, ವಿದ್ಯಾರ್ಥಿ ಭವನ ಶುಕ್ರವಾರ ಬಾಗಿಲು ಹಾಕುವ ರೂಢಿ.

ಭಾನುವಾರ ಬೆಳಗಿನ ನೂಕುನುಗ್ಗಲಲ್ಲಿ ಎಂಥ ಬಾಣಸಿಗನ ಕೈಯೂ ಸಡಿಲವಾಗುತ್ತದೆ. ತೀರ್ಪು ಕೊಡುವ ಮೊದಲು ವಾರದ ದಿನ ಇನ್ನೊಂದು ಸಲ ಹೋಗಿ. ಎರಡೂ ಸಲ ಅದೇ ತಪ್ಪಾದರೆ ಅದು ಅಭ್ಯಾಸ.

ಪಾರ್ಸೆಲ್ ತಂದ ದೋಸೆ ಯಾಕೆ ಮೆತ್ತಗಾಗುತ್ತದೆ?

ದೋಸೆಯ ಹಬೆ ಹೊರಹೋಗಲು ದಾರಿಯಿಲ್ಲದೆ ಗರಿಯ ಮೇಲೇ ನೀರಾಗಿ ಇಳಿಯುತ್ತದೆ. ಒಂದು ನಿಮಿಷ ಬಿಚ್ಚಿಟ್ಟು ಆಮೇಲೆ ಕಟ್ಟಲು ಹೇಳಿ, ಪಲ್ಯವನ್ನು ಬೇರೆ ಕೇಳಿ. ಮನೆಯಲ್ಲಿ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಒಂದು ನಿಮಿಷ ಇಟ್ಟರೆ ಮುಕ್ಕಾಲು ಪಾಲು ಗರಿ ವಾಪಸ್ ಬರುತ್ತದೆ. ಸಾಂಬಾರಿಗೆ ಸ್ಟೀಲ್ ಡಬ್ಬ ಒಯ್ಯಿರಿ, ಕುದಿಯುವ ಸಾಂಬಾರನ್ನು ಪ್ಲಾಸ್ಟಿಕ್ ಕವರಿಗೆ ಸುರಿಸಿಕೊಳ್ಳಬೇಡಿ. ಪಾರ್ಸೆಲ್‌ಗೆ ಹೆಚ್ಚು ಒಗ್ಗುವುದು ಇಡ್ಲಿ ಮತ್ತು ಸೆಟ್ ದೋಸೆ.

ಬಿಲ್ಲಿನಲ್ಲಿ ಏನು ನೋಡಬೇಕು?

ಸಾಮಾನ್ಯ ಹೋಟೆಲಿಗೆ ಜಿಎಸ್‌ಟಿ ಶೇ. 5. ಬಿಲ್ಲಿನಲ್ಲಿ ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ ಎಂದು ಒಡೆದು ಬರೆದಿರುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವ, ಅಂದರೆ ಒಟ್ಟು ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತಾವೇ ತೆರಿಗೆ ಕಟ್ಟುವ ಸಣ್ಣ ಹೋಟೆಲುಗಳು ಗ್ರಾಹಕರಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ಬಿಲ್ಲಿನ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು, ಇದು 2022ರ ಜನವರಿಯಿಂದ ಕಡ್ಡಾಯ. ಕೂತು ತಿನ್ನುವ ಕಡೆ ಸರ್ವಿಸ್ ಚಾರ್ಜ್ ತಾನಾಗಿಯೇ ಸೇರಿಸಿದ್ದರೆ ತೆಗೆಯಲು ಹೇಳಿ. ಹಾಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ತಿಂಡಿ ಚೆನ್ನಾಗಿಲ್ಲದಿದ್ದರೆ ಹೇಳುವುದು ಹೇಗೆ?

ಒಂದೆರಡು ತುತ್ತಿನಲ್ಲೇ ಹೇಳಿ, ಅರ್ಧ ತಿಂದ ಮೇಲೆ ಬೇಡ. ಕೌಂಟರಿನಲ್ಲಿ ಬಡಿಸುವ ಹುಡುಗನ ಮೇಲೆ ಕೂಗಾಡಿ ಪ್ರಯೋಜನವಿಲ್ಲ, ಹಿಟ್ಟು ರುಬ್ಬಿದ್ದು ಅವನಲ್ಲ. ಕ್ಯಾಷ್ ಕೌಂಟರಿನಲ್ಲಿ ಕೂತವರಿಗೆ ತಪ್ಪನ್ನು ಹೆಸರಿಟ್ಟು ಹೇಳಿ: "ಚಟ್ನಿ ಹುಳಿ ಬಂದಿದೆ ಸ್ವಾಮಿ, ನೋಡಿ", "ದೋಸೆ ನಡುವೆ ಹಸಿ ಇದೆ, ಇನ್ನೊಂದು ಹಾಕಿಸಿ". "ಚೆನ್ನಾಗಿಲ್ಲ" ಅಂದರೆ ಅವರಿಗೆ ತಿದ್ದಿಕೊಳ್ಳಲು ಏನೂ ಸಿಗುವುದಿಲ್ಲ, "ಹಸಿ ಇದೆ" ಅಂದರೆ ಬಹುತೇಕ ಕಡೆ ಮರುಮಾತಿಲ್ಲದೆ ಬದಲಾಯಿಸಿ ಕೊಡುತ್ತಾರೆ. ಹುಳ, ಕೂದಲು, ಕೆಟ್ಟ ವಾಸನೆ ಇದ್ದರೆ ಫೋಟೊ ತೆಗೆದು, ಬಿಲ್ಲು ಇಟ್ಟುಕೊಂಡು, ಆಹಾರ ಸುರಕ್ಷತಾ ಇಲಾಖೆಗೆ ದೂರು ಕೊಡಿ. ದೂರಿನಲ್ಲಿ ದಿನಾಂಕ, ಹೊತ್ತು ಮತ್ತು ಬಿಲ್ಲಿನಲ್ಲಿರುವ ಆ 14 ಅಂಕಿಯ ಸಂಖ್ಯೆ ಬರೆಯಿರಿ.